ಸಮುದ್ರಕ್ಕೆ ಸೇರಿದ ನೀರು ಪೋಲಾಯಿತೇ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ನಮ್ಮ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲೇ ನೀರಿನ ಮಾತು ಬಂದರೂ ಒಂದು ವಾಕ್ಯ ಬಂದೇ ಬರುತ್ತದೆ. "ಅಷ್ಟೊಂದು ನೀರು ಸುಮ್ಮನೆ ಸಮುದ್ರಕ್ಕೆ ಹರಿದು ಪೋಲಾಗ್ತಿದೆ, ಅದನ್ನ ನಮ್ಮ ಕಡೆ ತಿರುಗಿಸಿದ್ರೆ ಆಗಲ್ವಾ?" ಬಸ್ ನಿಲ್ದಾಣದಲ್ಲಿ, ಚುನಾವಣಾ ಸಭೆಯಲ್ಲಿ, ಮಗ್ಗದ ಮನೆಯಲ್ಲಿ, ನಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಎಲ್ಲ ಕಡೆ ಇದೇ ಮಾತು. ನಮ್ಮ ಮನೆಯಲ್ಲಿ ಅಬ್ಬಾ ಕೂಡ ಇದನ್ನೇ ಹೇಳುತ್ತಾರೆ. ಅವರ ಮೇಲೆ ಗೌರವ ಇಟ್ಟುಕೊಂಡೇ ನಾನು ಈ ಲೇಖನದಲ್ಲಿ ಆ ವಾಕ್ಯವನ್ನು ಒಪ್ಪುವುದಿಲ್ಲ ಎಂದು ಹೇಳಬೇಕಾಗಿದೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಮಗೆ ನೀರು ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಬೀದಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಅದು ತಪ್ಪಿದರೆ ಟ್ಯಾಂಕರ್. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ಕಥೆ ಪ್ರತಿ ಊರಿನಲ್ಲೂ ಇದೆ. ಬಿಂದಿಗೆ ಹಿಡಿದು ನಿಂತವರಿಗೆ ನೀರು ಸಿಗಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇರುವುದು 'ಪೋಲು' ಎನ್ನುವ ಒಂದು ಪದದ ಬಗ್ಗೆ. ಆ ಪದ ತಪ್ಪು ಎಂದು ನನಗೆ ಅನ್ನಿಸಿದ್ದು ಒಂದು ಮರದ ಬಗ್ಗೆ ಓದಿದ ಮೇಲೆ. ಅದು ನಮ್ಮ ಜಿಲ್ಲೆಯಲ್ಲಿ ಎಲ್ಲೂ ಬೆಳೆಯದ ಕಾಂಡ್ಲ ಮರ.

ಇಬ್ನ್ ಸೀನಾ ಹೆಸರಿನ ಮರ

ಕಾಂಡ್ಲ ಎಂದರೆ ಮ್ಯಾಂಗ್ರೋವ್. ನದಿ ಸಮುದ್ರವನ್ನು ಸೇರುವ ಅಳಿವೆಯಲ್ಲಿ, ದಿನಕ್ಕೆ ಎರಡು ಸಲ ಉಬ್ಬರದ ನೀರು ಏರಿ ಇಳಿಯುವ ಕೆಸರಿನಲ್ಲಿ ಬೆಳೆಯುವ ಮರಗಳ ಗುಂಪಿಗೆ ಈ ಹೆಸರು. ಜೀವಶಾಸ್ತ್ರ ತರಗತಿಯಲ್ಲಿ ಕೆಸರಿನಿಂದ ಮೇಲಕ್ಕೆ ಚಾಚಿರುವ ಉಸಿರುಬೇರುಗಳ ಚಿತ್ರ ನೋಡಿದ್ದೇವಲ್ಲ, ಅದೇ. ನಮ್ಮ ರಾಜ್ಯದಲ್ಲಿ ಕಾರವಾರದ ಕಾಳಿ ನದಿ, ಕುಮಟಾದ ಅಘನಾಶಿನಿ, ಹೊನ್ನಾವರದ ಶರಾವತಿ, ಕುಂದಾಪುರದ ಅಳಿವೆ, ಮಂಗಳೂರಿನ ನೇತ್ರಾವತಿ–ಗುರುಪುರ ಅಳಿವೆ ಇಲ್ಲೆಲ್ಲ ಕಾಂಡ್ಲ ಇದೆ. ಆದರೆ ಇರುವುದು ಬಹಳ ಕಡಿಮೆ. ಭಾರತೀಯ ಅರಣ್ಯ ಸಮೀಕ್ಷೆಯ 2021ರ ವರದಿಯ ಪ್ರಕಾರ ದೇಶದಲ್ಲಿ 4,992 ಚದರ ಕಿಲೋಮೀಟರ್ ಕಾಂಡ್ಲ ಕಾಡು ಇದ್ದರೆ, ಕರ್ನಾಟಕದ ಪಾಲು ಕೇವಲ 13 ಚದರ ಕಿಲೋಮೀಟರ್.

ಕಾಂಡ್ಲ ಮರಗಳಲ್ಲಿ ಒಂದು ಮುಖ್ಯ ಕುಲದ ಹೆಸರು ಅವಿಸೆನ್ನಿಯಾ. ಸಸ್ಯಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಈ ಹೆಸರನ್ನು ಕೊಟ್ಟದ್ದು ಸಾವಿರ ವರ್ಷದ ಹಿಂದೆ ಬದುಕಿದ್ದ ಮಹಾ ವೈದ್ಯ ಇಬ್ನ್ ಸೀನಾ ಅವರ ನೆನಪಿಗಾಗಿ. ಯುರೋಪಿನವರು ಅವರನ್ನು ಅವಿಸೆನ್ನಾ ಎಂದು ಕರೆಯುತ್ತಿದ್ದರು. ಕಾಂಡ್ಲ ಜಾತಿಗಳಲ್ಲಿ ಅತಿ ಹೆಚ್ಚು ಉಪ್ಪನ್ನು ತಾಳಿಕೊಳ್ಳುವುದೂ ಇದೇ ಕುಲದ ಮರ.

ಉಪ್ಪಿನ ಜೊತೆ ಬದುಕುವುದು ಸುಲಭವಲ್ಲ

ನಮ್ಮ ಕಡೆ ಬೋರ್ ನೀರು ಸ್ವಲ್ಪ ಗಡಸಾದರೆ ಸಾಕು, 'ಉಪ್ಪು ನೀರು' ಎನ್ನುತ್ತೇವೆ. ಬೇಳೆ ಬೇಯುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ ಎಂದು ದೂರುತ್ತೇವೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಂಥ ನೀರನ್ನು ನಮ್ಮ ರಾಗಿ ಹೊಲಕ್ಕೆ ಹಾಯಿಸಿದರೆ ಪೈರು ಒಣಗಿ ಹೋಗುತ್ತದೆ. ಕಾರಣ ನಮಗೆ ಪಾಠದಲ್ಲಿ ಬಂದಿರುವ ಆಸ್ಮಾಸಿಸ್. ಹೊರಗಿನ ನೀರಿನಲ್ಲಿ ಉಪ್ಪು ಹೆಚ್ಚಾದರೆ ಬೇರು ನೀರನ್ನು ಒಳಗೆಳೆಯುವುದಿರಲಿ, ಇರುವ ನೀರನ್ನೂ ಕಳೆದುಕೊಳ್ಳುತ್ತದೆ. ಸುತ್ತ ನೀರಿದ್ದೂ ಗಿಡ ಬಾಯಾರಿ ಸಾಯುತ್ತದೆ.

ಹಾಗಾದರೆ ಕಾಂಡ್ಲ ಹೇಗೆ ಬದುಕುತ್ತದೆ? ನಮ್ಮ ಊರುಗಳ ಶುದ್ಧ ಕುಡಿಯುವ ನೀರಿನ ಘಟಕವನ್ನು ನೆನಪಿಸಿಕೊಳ್ಳಿ. ನಾಣ್ಯ ಹಾಕಿ ಇಪ್ಪತ್ತು ಲೀಟರ್ ಕ್ಯಾನ್ ತುಂಬಿಸಿಕೊಳ್ಳುತ್ತೇವಲ್ಲ, ಅಲ್ಲಿ ಒಂದು ಪಂಪು ನೀರನ್ನು ಒತ್ತಡದಿಂದ ಪೊರೆಯ ಮೂಲಕ ತಳ್ಳುತ್ತದೆ, ಉಪ್ಪು ಈಚೆಗೇ ಉಳಿಯುತ್ತದೆ. ರೈಜೋಫೊರಾ ಎಂಬ ಕಾಂಡ್ಲದ ಬೇರು ಇದೇ ಕೆಲಸವನ್ನು ಪಂಪಿಲ್ಲದೆ ಮಾಡುತ್ತದೆ. ಎಲೆಗಳಿಂದ ನೀರು ಆವಿಯಾದಾಗ ಕಾಂಡದೊಳಗಿನ ನೀರಿನ ಕಂಬ ಮೇಲಕ್ಕೆ ಎಳೆಯಲ್ಪಡುತ್ತದೆ. ಸಮುದ್ರದ ನೀರಿನ ಆಸ್ಮಾಟಿಕ್ ಒತ್ತಡ ಸುಮಾರು 25 ಅಟ್ಮಾಸ್ಫಿಯರ್. ಕಾಂಡ್ಲದೊಳಗಿನ ಎಳೆತ ಅದಕ್ಕಿಂತ ಹೆಚ್ಚು, 30ರಿಂದ 60 ಅಟ್ಮಾಸ್ಫಿಯರ್ ತನಕ ಇರುತ್ತದೆ ಎಂದು 1960ರ ದಶಕದಲ್ಲಿ ಶೋಲಾಂಡರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಅಳೆದು ತೋರಿಸಿದರು. ಈ ಎಳೆತಕ್ಕೆ ನೀರು ಮಾತ್ರ ಒಳಗೆ ಬರುತ್ತದೆ, ಉಪ್ಪಿನ ಬಹುಪಾಲು ಬೇರಿನ ಬಾಗಿಲಲ್ಲೇ ನಿಲ್ಲುತ್ತದೆ. ಅವಿಸೆನ್ನಿಯಾದ ದಾರಿ ಸ್ವಲ್ಪ ಬೇರೆ. ಅದು ಒಳಗೆ ಬಂದ ಉಪ್ಪನ್ನು ಎಲೆಯ ಮೇಲಿನ ಗ್ರಂಥಿಗಳಿಂದ ಹೊರಹಾಕುತ್ತದೆ. ಬಿಸಿಲಿನಲ್ಲಿ ಅದರ ಎಲೆಯನ್ನು ಮುಟ್ಟಿದರೆ ಬೆರಳಿಗೆ ಉಪ್ಪಿನ ಹರಳು ಅಂಟುತ್ತದೆ.

ಆದರೆ ಈ ಕೆಲಸ ಯಾವುದೂ ಬಿಟ್ಟಿ ನಡೆಯುವುದಿಲ್ಲ. ಉಪ್ಪು ಹೆಚ್ಚಾದಷ್ಟೂ ಮರ ತನ್ನ ಶಕ್ತಿಯನ್ನು ನೀರು ಎಳೆಯುವುದಕ್ಕೆ, ಉಪ್ಪು ತಡೆಯುವುದಕ್ಕೆ ವ್ಯಯ ಮಾಡಬೇಕಾಗುತ್ತದೆ. ಬೆಳೆಯುವುದಕ್ಕೆ, ಹೂ ಬಿಡುವುದಕ್ಕೆ ಉಳಿಯುವುದು ಕಡಿಮೆ. ಹಾಗಾಗಿಯೇ ಅತಿ ಉಪ್ಪಿನ ನೆಲದಲ್ಲಿ ಅವಿಸೆನ್ನಿಯಾ ಒಂದೆರಡು ಮೀಟರಿಗಿಂತ ಎತ್ತರ ಏರದೆ ಕುಳ್ಳಾಗಿ ಉಳಿಯುತ್ತದೆ. ಕಾಂಡ್ಲಕ್ಕೆ ಉಪ್ಪು ಇಷ್ಟ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಿಜ ಏನೆಂದರೆ ಬಹುತೇಕ ಕಾಂಡ್ಲಗಳು ಚೆನ್ನಾಗಿ ಬೆಳೆಯುವುದು ಅಚ್ಚ ಸಮುದ್ರದ ನೀರಿನಲ್ಲಲ್ಲ, ಸಿಹಿನೀರು ಬೆರೆತು ಉಪ್ಪು ಅರ್ಧಕ್ಕೋ ಕಾಲಿಗೋ ಇಳಿದ ನೀರಿನಲ್ಲಿ. ಉಪ್ಪನ್ನು ತಡೆಯುವ ಶಕ್ತಿ ಅವಕ್ಕಿದೆ, ಬೇರೆ ಮರಗಳಿಗಿಲ್ಲ. ಅದಕ್ಕೇ ಆ ಜಾಗ ಅವುಗಳ ಪಾಲಿಗೆ ಬಂದಿದೆ. ಸಿಹಿನೀರು ಪೂರ್ತಿ ನಿಂತುಹೋದರೆ ಅವುಗಳ ಬದುಕೂ ಕಷ್ಟವೇ.

ತಾಯಿಮರ ಮಗುವನ್ನು ಹೊತ್ತು ಸಾಕುವ ಬಗೆ

ಈ ಕಥೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಕಾಂಡ್ಲದ ಸಂತಾನದ ವಿಷಯ. ಸಾಮಾನ್ಯ ಮರ ಬೀಜವನ್ನು ನೆಲಕ್ಕೆ ಉದುರಿಸುತ್ತದೆ, ನೆಲದಲ್ಲಿ ಅದು ಮೊಳೆಯುತ್ತದೆ. ರೈಜೋಫೊರಾ ಹಾಗೆ ಮಾಡುವುದಿಲ್ಲ. ಅದರ ಬೀಜ ಹಣ್ಣಿನೊಳಗಿರುವಾಗಲೇ, ತಾಯಿಯ ಕೊಂಬೆಯಲ್ಲಿ ತೂಗಾಡುತ್ತಿರುವಾಗಲೇ ಮೊಳೆತು ಬಿಡುತ್ತದೆ. ನುಗ್ಗೆಕಾಯಿಯಂತೆ ಕೆಳಕ್ಕೆ ಇಳಿಬಿದ್ದ ಹಸಿರು ಕೋಲಾಗಿ ತಿಂಗಳುಗಟ್ಟಲೆ ಬೆಳೆದು, ಅರ್ಧ ಮೀಟರ್ ಉದ್ದದವರೆಗೂ ಬಂದು, ಆಮೇಲೆ ಕಳಚಿ ಬೀಳುತ್ತದೆ. ಇದಕ್ಕೆ ವಿವಿಪ್ಯಾರಿ ಎನ್ನುತ್ತಾರೆ. ಅವಿಸೆನ್ನಿಯಾದಲ್ಲೂ ಬೀಜ ಮರದ ಮೇಲೆಯೇ ಮೊಳೆಯುತ್ತದೆ, ಆದರೆ ಹಣ್ಣಿನ ಸಿಪ್ಪೆ ಒಡೆದು ಹೊರಗೆ ಬರುವುದಿಲ್ಲ. ಸೊನ್ನರೇಷಿಯಾ ಮಾತ್ರ ಬೇರೆ ಮರಗಳ ಹಾಗೆ ಹಣ್ಣಿನ ತುಂಬ ಸಣ್ಣ ಬೀಜಗಳನ್ನು ಇಟ್ಟು ನೀರಿಗೆ ಬಿಡುತ್ತದೆ.

ಇಷ್ಟೆಲ್ಲ ಏಕೆ? ಉಪ್ಪಿನ ಕೆಸರಿನಲ್ಲಿ ಬರಿಯ ಬೀಜ ನೀರು ಹೀರಿ ಮೊಳೆಯುವುದು ಬಹಳ ಕಷ್ಟ. ಮೊಳಕೆಯ ಕಾಲ ಯಾವ ಗಿಡಕ್ಕೂ ಅತ್ಯಂತ ನಾಜೂಕಿನ ಕಾಲ. ಆ ಕಾಲವನ್ನು ಕಾಂಡ್ಲದ ಮರಿ ತಾಯಿಯ ಆಶ್ರಯದಲ್ಲಿ ಕಳೆಯುತ್ತದೆ. ತಾಯಿಮರ ಉಪ್ಪನ್ನು ತಾನು ತಡೆದುಕೊಂಡು ಮರಿಗೆ ಸೋಸಿದ ನೀರನ್ನೂ ಆಹಾರವನ್ನೂ ಕಳಿಸುತ್ತದೆ. ಎಲೆಯಲ್ಲಿರುವುದಕ್ಕಿಂತ ಕಡಿಮೆ ಉಪ್ಪು ಬೆಳೆಯುವ ಮರಿಯಲ್ಲಿರುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಮರಿ ಕೆಳಗೆ ಬೀಳುವ ಹೊತ್ತಿಗೆ ಅದರ ಮೈಯಲ್ಲಿ ಮೊದಲ ಕೆಲವು ತಿಂಗಳಿಗೆ ಬೇಕಾದ ಬುತ್ತಿ ಇರುತ್ತದೆ.

ಉಪ್ಪು ಮಿತಿ ಮೀರಿದರೆ ಈ ಸರಪಳಿಯ ಒಂದೊಂದೇ ಕೊಂಡಿ ಕಳಚುತ್ತದೆ. ಹೂ ಕಡಿಮೆಯಾಗುತ್ತದೆ. ಕಟ್ಟಿದ ಹೂವಿನಲ್ಲೂ ಹೆಚ್ಚು ಪಾಲು ಉದುರುತ್ತದೆ. ಉಳಿದ ಮರಿಗಳು ಸಣ್ಣದಾಗುತ್ತವೆ, ಅಂದರೆ ಬುತ್ತಿ ಕಡಿಮೆ. ಆ ಸಣ್ಣ ಮರಿ ಬೀಳುವುದು ಇನ್ನೂ ಹೆಚ್ಚು ಉಪ್ಪಿನ ಕೆಸರಿಗೆ. ಬೇರು ಬಿಡುವ ಮೊದಲೇ ಅದು ಬಾಡುತ್ತದೆ. ಬಲಿತ ಮರ ಎಷ್ಟೋ ಉಪ್ಪನ್ನು ತಾಳಬಲ್ಲದು, ಎಳೆಯ ಸಸಿ ತಾಳದು. ಹಾಗಾಗಿ ಒಂದು ಅಳಿವೆಯಲ್ಲಿ ಉಪ್ಪು ಏರಿದರೆ ದೊಡ್ಡ ಮರಗಳು ಹಸಿರಾಗಿಯೇ ಕಾಣುತ್ತಿರುತ್ತವೆ, ಕೆಳಗೆ ಮಾತ್ರ ಸಸಿ ಇರುವುದಿಲ್ಲ. ದೋಣಿಯಲ್ಲಿ ಹೋಗಿ ಫೋಟೊ ತೆಗೆದವರಿಗೆ ಕಾಡು ಚೆನ್ನಾಗಿದೆ ಅನ್ನಿಸುತ್ತದೆ. ಮುಂದಿನ ಪೀಳಿಗೆ ಇಲ್ಲದ ಕಾಡು ಅದು.

ಇನ್ನೊಂದು ಮುಖ್ಯ ವಿಷಯ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಾಂಡ್ಲದ ಮರಿಗಳು ಹೆಚ್ಚಾಗಿ ಬಲಿತು ಉದುರುವುದು ಮಳೆಗಾಲದಲ್ಲಿ. ಘಟ್ಟದಿಂದ ಕೆಂಪು ನೀರು ಇಳಿದು ಅಳಿವೆಯ ಉಪ್ಪು ಅತಿ ಕಡಿಮೆಯಾಗುವ ಕಾಲವೂ ಅದೇ. ಸಸಿ ಬೇರೂರಲು ಅವಕ್ಕೆ ಸಿಗುವುದು ಆ ಕೆಲವು ತಿಂಗಳು ಮಾತ್ರ. ಬೇಸಿಗೆ ಬಂದು ಉಪ್ಪು ಮತ್ತೆ ಏರುವಷ್ಟರಲ್ಲಿ ಅವು ಗಟ್ಟಿಯಾಗಿರಬೇಕು. ನಾವು 'ಹೆಚ್ಚುವರಿ ಪ್ರವಾಹದ ನೀರು', 'ವ್ಯರ್ಥ ನೀರು' ಎಂದು ಕರೆಯುವುದು ಯಾವ ನೀರನ್ನು? ಇದೇ ಮಳೆಗಾಲದ ನೀರನ್ನು.

ಕೇಳಿದ್ದಲ್ಲ, ಆಗಿರುವುದು

ಇದು ಪುಸ್ತಕದ ಮಾತು ಎಂದು ಯಾರಾದರೂ ಹೇಳಬಹುದು. ಹಾಗಾದರೆ ಆಗಿರುವುದನ್ನು ನೋಡೋಣ.

ಸಿಂಧೂ ನದಿಯ ಮುಖಜ ಭೂಮಿಯಲ್ಲಿ ಮೊದಲು ಹಲವು ಜಾತಿಯ ಕಾಂಡ್ಲ ಇತ್ತು. ಮೇಲಿನಿಂದ ಒಂದರ ಮೇಲೊಂದು ಅಣೆಕಟ್ಟು, ಕಾಲುವೆ ಬಂದವು. 1955ರಲ್ಲಿ ಕೋಟ್ರಿ ಬ್ಯಾರೇಜ್ ಬಂದ ಮೇಲೆ ಸಮುದ್ರಕ್ಕೆ ಇಳಿಯುವ ಸಿಹಿನೀರು ಇನ್ನೂ ಕಡಿಮೆಯಾಯಿತು. ಈಗ ಅಲ್ಲಿ ಉಳಿದಿರುವ ಕಾಡಿನ ಬಹುಪಾಲು ಒಂದೇ ಜಾತಿ, ಅತಿ ಉಪ್ಪು ತಾಳುವ ಅವಿಸೆನ್ನಿಯಾ. ಸುಂದರಬನಕ್ಕೆ ಆ ಹೆಸರು ಬಂದದ್ದು ಸುಂದರಿ ಮರದಿಂದ ಎನ್ನುತ್ತಾರೆ. ಸುಂದರಿಗೆ ಉಪ್ಪು ಕಡಿಮೆ ಇರಬೇಕು. 1975ರಲ್ಲಿ ಗಂಗೆಗೆ ಫರಕ್ಕಾ ಬ್ಯಾರೇಜ್ ಬಂದ ನಂತರ ಬಾಂಗ್ಲಾದೇಶದ ಕಡೆಯ ಸುಂದರಬನಕ್ಕೆ ಬೇಸಿಗೆಯಲ್ಲಿ ಬರುವ ಸಿಹಿನೀರು ಇಳಿದು, ಉಪ್ಪು ಏರಿತು. ಸುಂದರಿ ಮರಗಳು ತುದಿಯಿಂದ ಒಣಗುತ್ತಾ ಬರುವ ರೋಗಕ್ಕೆ ವಿಜ್ಞಾನಿಗಳು ಹೇಳುವ ಮುಖ್ಯ ಕಾರಣಗಳಲ್ಲಿ ಈ ಉಪ್ಪೂ ಒಂದು.

ನಮ್ಮ ರಾಜ್ಯದಲ್ಲೇ ಇದರ ತಿರುಗು ಉದಾಹರಣೆ ಇದೆ. ಉತ್ತರ ಕನ್ನಡದಲ್ಲಿ ಅಘನಾಶಿನಿ ಮತ್ತು ಶರಾವತಿ ಅಕ್ಕಪಕ್ಕದ ನದಿಗಳು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಅದರ ಅಳಿವೆ ಸಿಹಿಯಾಗುತ್ತದೆ, ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಅಲ್ಲಿಂದ ವಿದ್ಯುತ್ ತಯಾರಿಸಿ ಬಿಡುವ ನೀರು ವರ್ಷವಿಡೀ ಕೆಳಗೆ ಹರಿಯುತ್ತದೆ. ಹಾಗಾಗಿ ಬೇಸಿಗೆಯಲ್ಲೂ ಅಳಿವೆಯಲ್ಲಿ ಉಪ್ಪು ಸಾಕಷ್ಟು ಏರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಎರಡು ಅಳಿವೆಗಳನ್ನು ಹೋಲಿಸಿ ನೋಡಿದ್ದಾರೆ. ಶರಾವತಿಯಲ್ಲಿ ಕಡಿಮೆ ಉಪ್ಪು ಬಯಸುವ ಸೊನ್ನರೇಷಿಯಾ ಮೇಲುಗೈ ಪಡೆದಿದೆ, ಅಳಿವೆಯ ಮೀನಿನ ವೈವಿಧ್ಯ ಮತ್ತು ಬಳಚು ಎನ್ನುವ ಚಿಪ್ಪುಜೀವಿ ಕಡಿಮೆಯಾಗಿವೆ. ಅಘನಾಶಿನಿಯಲ್ಲಿ ಬಳಚು ಹೆಕ್ಕಿ ಬದುಕುವ ಸಾವಿರಾರು ಜನ ಇದ್ದಾರೆ. ಅಲ್ಲಿನ ಗಜನಿ ಭೂಮಿಯಲ್ಲಿ ಉಪ್ಪು ತಾಳುವ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ, ಅದೇ ನದಿಯ ದಡದ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುತ್ತಾರೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು.

ಅಂದರೆ ನೀರು ಕಡಿಮೆಯಾದರೆ ಮಾತ್ರ ತೊಂದರೆ ಎಂದಲ್ಲ. ಅಕಾಲದಲ್ಲಿ ಹೆಚ್ಚಾದರೂ ತೊಂದರೆಯೇ. ಅಳಿವೆಗೆ ಬೇಕಾದದ್ದು ಒಂದು ಹದ. ಮಳೆಗಾಲಕ್ಕೆ ಸಿಹಿ, ಬೇಸಿಗೆಗೆ ಉಪ್ಪು. ಆ ಹದಕ್ಕೆ ತಕ್ಕಂತೆ ಮರ, ಮೀನು, ಬಳಚು, ಮನುಷ್ಯ ಎಲ್ಲರೂ ತಮ್ಮ ವರ್ಷವನ್ನು ಹೊಂದಿಸಿಕೊಂಡಿದ್ದಾರೆ. ಹಾಗೆ ಕೆಲಸ ಮಾಡುವ ನೀರನ್ನು ಪೋಲು ಎನ್ನುವುದು ಹೇಗೆ?

ನಮ್ಮ ಜಿಲ್ಲೆಗೂ ಇದಕ್ಕೂ ಏನು ಸಂಬಂಧ?

ಎರಡು ಸಂಬಂಧಗಳಿವೆ. ಮೊದಲನೆಯದು ಎತ್ತಿನಹೊಳೆ. ಸಕಲೇಶಪುರ ತಾಲ್ಲೂಕಿನಲ್ಲಿ ನೇತ್ರಾವತಿಯ ಮೇಲ್ಭಾಗದ ಹಳ್ಳಗಳ ಮಳೆಗಾಲದ ನೀರನ್ನು ಎತ್ತಿ ಪೂರ್ವದ ಬರಡು ಜಿಲ್ಲೆಗಳಿಗೆ ತರುವ ಯೋಜನೆ ಅದು. ನಮ್ಮ ಜಿಲ್ಲೆಯೂ ಆ ಪಟ್ಟಿಯಲ್ಲಿದೆ. ಯೋಜನೆಯ ಲೆಕ್ಕದಲ್ಲಿ 24.01 ಟಿಎಂಸಿ ನೀರು. 2012ರಲ್ಲಿ 8,323 ಕೋಟಿ ರೂಪಾಯಿ ಎಂದಿದ್ದ ವೆಚ್ಚ ಈಗ 23,000 ಕೋಟಿ ದಾಟಿದೆ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಆ ಹಳ್ಳಗಳಲ್ಲಿ ಅಷ್ಟು ನೀರೇ ಇಲ್ಲ, ಸುಮಾರು 9.5 ಟಿಎಂಸಿ ಇರಬಹುದು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿ ಹೇಳಿದ್ದರು.

ನಾನು ಉತ್ಪ್ರೇಕ್ಷೆ ಮಾಡುವುದಿಲ್ಲ. ನೇತ್ರಾವತಿಯ ಒಟ್ಟು ನೀರಿನಲ್ಲಿ ಇದು ಸಣ್ಣ ಪಾಲು. ಇದೊಂದರಿಂದಲೇ ಮಂಗಳೂರಿನ ಕಾಂಡ್ಲ ಒಣಗಿಹೋಗುತ್ತದೆ ಎಂದು ಹೇಳಿದರೆ ಅದು ವಿಜ್ಞಾನವಲ್ಲ. ಆದರೆ ಸಿಂಧೂ ನದಿಯೂ ಒಂದೇ ಕಾಲುವೆಯಿಂದ ಬತ್ತಲಿಲ್ಲ. ಪ್ರತಿ ಸಲವೂ ಯಾರೋ 'ಸ್ವಲ್ಪ ತಾನೇ, ಹೇಗೂ ಸಮುದ್ರಕ್ಕೆ ಹೋಗುವ ನೀರು' ಎಂದಿರಬೇಕು. ಇವತ್ತು ಎತ್ತಿನಹೊಳೆ, ಶರಾವತಿಯ ನೀರನ್ನೂ ಬೆಂಗಳೂರಿಗೆ ತರಬೇಕೆಂಬ ಮಾತು ಆಗಾಗ ಏಳುತ್ತದೆ. 'ಪೋಲು' ಎಂಬ ಪದ ಇರುವ ತನಕ ಈ ಪಟ್ಟಿಗೆ ಕೊನೆ ಇರುವುದಿಲ್ಲ. ಯಾಕೆಂದರೆ ಪೋಲಾಗುವ ವಸ್ತುವಿಗೆ ಲೆಕ್ಕ ಕೇಳುವವರು ಇರುವುದಿಲ್ಲ.

ಎರಡನೆಯ ಸಂಬಂಧ ನಮ್ಮದೇ ನದಿಗಳದ್ದು. ನಂದಿ ಬೆಟ್ಟದ ಕಡೆ ಹುಟ್ಟಿದ ಅರ್ಕಾವತಿ ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಕಾವೇರಿಯ ಕವಲಾದ ಕೊಳ್ಳಿಡಂ ಸಮುದ್ರ ಸೇರುವ ಕಡೆ, ತಮಿಳುನಾಡಿನ ಚಿದಂಬರದ ಹತ್ತಿರ, ಪಿಚ್ಚಾವರಂ ಎಂಬ ಪ್ರಸಿದ್ಧ ಕಾಂಡ್ಲ ಕಾಡಿದೆ. ಅಂದರೆ ನಮ್ಮ ತಾಲ್ಲೂಕಿನ ಮೇಲೆ ಬಿದ್ದ ಮಳೆಹನಿಗೂ ಒಂದು ಕಾಂಡ್ಲದ ವಿಳಾಸ ಇದೆ. ಆ ಪಿಚ್ಚಾವರಂನಲ್ಲೇ ಬ್ರಿಟಿಷರ ಕಾಲದಿಂದ 1970ರ ದಶಕದವರೆಗೂ ಸರದಿಯ ಮೇಲೆ ಕಾಡನ್ನು ಪೂರ್ತಿ ಕಡಿಯುತ್ತಿದ್ದರು. ಬಯಲಾದ ನೆಲ ಬಿಸಿಲಿಗೆ ಒಣಗಿ, ಕುಸಿದು ತಟ್ಟೆಯಂತಾಯಿತು. ಉಬ್ಬರದ ನೀರು ಅದರಲ್ಲಿ ನಿಂತು ಆವಿಯಾಗಿ, ಉಪ್ಪು ವಿಪರೀತ ಏರಿ, ಮತ್ತೆ ಸಸಿಯೇ ಹುಟ್ಟದಾಯಿತು. 1990ರ ದಶಕದಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ಅರಣ್ಯ ಇಲಾಖೆ ಮತ್ತು ಊರಿನವರ ಜೊತೆ ಸೇರಿ ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡಿ ನೀರು ಬಂದು ಹೋಗುವಂತೆ ಮಾಡಿದರು. ನೆಲದ ಉಪ್ಪು ಇಳಿಯಿತು, ಕಾಂಡ್ಲ ಮತ್ತೆ ಬೆಳೆಯಿತು.

ಇದರಿಂದ ಇನ್ನೊಂದು ಪಾಠ ಇದೆ. ಕೇಂದ್ರ ಸರ್ಕಾರ 2023ರಲ್ಲಿ ಕಾಂಡ್ಲ ನೆಡಲು ಮಿಷ್ಟಿ ಎಂಬ ಯೋಜನೆ ತಂದಿದೆ. ಒಳ್ಳೆಯದೇ. ಆದರೆ ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ ಕಾಂಡ್ಲ ಬರುವುದಿಲ್ಲ. ನೀರು ಮತ್ತು ಉಪ್ಪಿನ ಹದ ಸರಿಯಾದರೆ ಅದು ತಾನಾಗಿಯೇ ಬರುತ್ತದೆ, ಹದ ಕೆಟ್ಟಿದ್ದರೆ ನೆಟ್ಟದ್ದೂ ಉಳಿಯುವುದಿಲ್ಲ.

"ಮನುಷ್ಯರು ಮೊದಲೋ, ಮರ ಮೊದಲೋ?"

ಈ ಪ್ರಶ್ನೆಯನ್ನು ನನ್ನ ಗೆಳತಿಯರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ, ಕುಡಿಯುವ ನೀರು ಮೊದಲು. ಆದರೆ ಅಳಿವೆಯ ದಡದಲ್ಲಿ ಬಳಚು ಹೆಕ್ಕುವ ಹೆಂಗಸು, ದೋಣಿಯ ಮೀನುಗಾರ, ಕಗ್ಗದ ರೈತ ಇವರೂ ಮನುಷ್ಯರೇ. ಕಾಂಡ್ಲದ ಬೇರುಗಳ ನಡುವೆ ಮೀನು, ಸಿಗಡಿ, ಏಡಿಗಳ ಮರಿಗಳು ಬೆಳೆಯುತ್ತವೆ. ಅಲೆಯ ಹೊಡೆತವನ್ನು ಅದು ತಗ್ಗಿಸುತ್ತದೆ, ದಡದ ಮಣ್ಣನ್ನು ಹಿಡಿದಿಡುತ್ತದೆ. ಆದ್ದರಿಂದ ಪ್ರಶ್ನೆ ಮರ ಮತ್ತು ಮನುಷ್ಯರ ನಡುವಿನದಲ್ಲ. ಮೇಲಿನ ಮನುಷ್ಯರು ಮತ್ತು ಕೆಳಗಿನ ಮನುಷ್ಯರ ನಡುವಿನದು. ಕಾವೇರಿ ವಿವಾದದಲ್ಲಿ ನಾವೂ ನಮ್ಮ ಹಕ್ಕನ್ನು ಕೇಳಿದವರೇ. ಆ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ 740 ಟಿಎಂಸಿ ನೀರನ್ನು ಹಂಚುವಾಗ 10 ಟಿಎಂಸಿಯನ್ನು ಪರಿಸರಕ್ಕೆಂದೇ ತೆಗೆದಿಟ್ಟಿತು. ಅದು ಸಾಕೋ ಸಾಲದೋ ಎನ್ನುವುದು ಬೇರೆ ಚರ್ಚೆ. ಆದರೆ ನದಿಗೂ ಒಂದು ಪಾಲಿದೆ ಎಂದು ಕಾನೂನೇ ಒಪ್ಪಿದೆ. ನಾವು ಮಾತಿನಲ್ಲಾದರೂ ಒಪ್ಪಬಾರದೇ?

ನಿಜವಾದ ಪೋಲು ಎಲ್ಲಿದೆ ಎಂದು ನೋಡಬೇಕಾದರೆ ಮಂಗಳೂರಿಗೆ ಹೋಗಬೇಕಾಗಿಲ್ಲ. ಅರ್ಕಾವತಿ ಸಾಲಿನ ಹೆಸರಘಟ್ಟ ಕೆರೆಯಿಂದ 1890ರ ದಶಕದಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಹೋಗುತ್ತಿತ್ತು. ಇವತ್ತು ಅದೇ ಸಾಲಿನ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ನಗರದ ಕೊಳಚೆ, ಕಾರ್ಖಾನೆಗಳ ತ್ಯಾಜ್ಯ ಸೇರುತ್ತಿದೆ ಎಂದು ಆ ಊರುಗಳ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಇನ್ನೂರು ಕಿಲೋಮೀಟರ್ ಆಚೆಯಿಂದ, ಸಾವಿರಾರು ಕೋಟಿ ಖರ್ಚು ಮಾಡಿ ತರುವ ನೀರನ್ನು ನಾವು ತುಂಬಿಸುವುದು ಇಂಥ ಕೆರೆಗಳಿಗೇ ಆದರೆ, ಅದು ಪೋಲು. ರಾಜಕಾಲುವೆ ಮುಚ್ಚಿ ಲೇಔಟ್ ಮಾಡಿ, ಬಿದ್ದ ಮಳೆ ಕೆರೆಗೆ ಹೋಗದೆ ರಸ್ತೆಯಲ್ಲಿ ನಿಲ್ಲುವುದು ಪೋಲು. ಹರಿಯುವ ನದಿಯ ದಡದಲ್ಲಿ ಕೂತು ವುಝೂ ಮಾಡುವಾಗಲೂ ನೀರನ್ನು ಅಗತ್ಯಕ್ಕಿಂತ ಹೆಚ್ಚು ಬಳಸಬಾರದು ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಇಸ್ರಾಫ್ ಎಂದರೆ ಏನು ಎಂದು ನಮಗೆ ಗೊತ್ತು. ಅದು ನಮ್ಮ ಕೈಯಿಂದ ಆಗುವ ಕೆಲಸ, ನದಿಯಿಂದ ಆಗುವುದಲ್ಲ.

ನಾವು ಏನು ಮಾಡಬಹುದು?

ನಮ್ಮ ಕಾಲೇಜಿನ ಮಟ್ಟದಲ್ಲಿ ನನ್ನ ಸಲಹೆಗಳು ದೊಡ್ಡವಲ್ಲ.

ಒಂದು, ಕಾಲೇಜು ಕಟ್ಟಡದ ಚಾವಣಿಯ ಮಳೆನೀರು ಈಗ ಎಲ್ಲಿಗೆ ಹೋಗುತ್ತದೆ ಎಂದು ಇಕೋ ಕ್ಲಬ್ಬಿನವರು ಒಂದು ಮಳೆಗಾಲ ಗಮನಿಸಿ ಬರೆದಿಡಲಿ. ವುಝೂ ಮಾಡಿದ ನೀರು ಚರಂಡಿಗೆ ಹೋಗುವ ಬದಲು ಗಿಡಗಳಿಗೆ ಹೋಗುವಂತೆ ಒಂದು ಪೈಪು ಹಾಕಿಸಬಹುದು. ಆ ನೀರಿನಲ್ಲಿ ಸೋಪು ಇರುವುದಿಲ್ಲ, ಉಪ್ಪೂ ಇರುವುದಿಲ್ಲ.

ಎರಡು, ಪ್ರಯೋಗಾಲಯದಲ್ಲಿ ಎಲ್ಲರೂ ಮಾಡಬಹುದಾದ ಒಂದು ಪ್ರಯೋಗ. ಐದು ತಟ್ಟೆಗಳಲ್ಲಿ ಹತ್ತಿಯ ಮೇಲೆ ಇಪ್ಪತ್ತಿಪ್ಪತ್ತು ಹೆಸರುಕಾಳು ಇಡಿ. ಒಂದಕ್ಕೆ ಬರಿಯ ನೀರು, ಉಳಿದವಕ್ಕೆ ಲೀಟರಿಗೆ 5, 10, 20, 35 ಗ್ರಾಂ ಉಪ್ಪು ಕರಗಿಸಿದ ನೀರು. ಐದು ದಿನ ಎಣಿಸಿ. ಕಾಂಡ್ಲದ ತಾಯಿ ತನ್ನ ಮರಿಯನ್ನು ಯಾಕೆ ಮರದ ಮೇಲೇ ಮೊಳೆಯಿಸುತ್ತದೆ ಎನ್ನುವುದು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಆ ಐದು ತಟ್ಟೆಗಳಿಂದ ಅರ್ಥವಾಗುತ್ತದೆ.

ಮೂರು, ಪ್ರತಿ ವರ್ಷ ಪ್ರವಾಸಕ್ಕೆ ಎಲ್ಲಿಗೆ ಎಂಬ ಚರ್ಚೆ ಆಗುತ್ತದೆ. ಒಂದು ಸಲ ಕುಮಟಾ, ಹೊನ್ನಾವರದ ಕಡೆ ಹೋಗೋಣ. ಎರಡು ಅಳಿವೆಗಳನ್ನೂ ಒಂದೇ ದಿನ ನೋಡಬಹುದು. ಅಲ್ಲಿನವರ ಜೊತೆ ಕೂತು ಮಾತಾಡೋಣ. ನಮ್ಮ ನೀರಿನ ಕಷ್ಟ ಅವರಿಗೆ ಹೇಳೋಣ, ಅವರ ಉಪ್ಪಿನ ಲೆಕ್ಕ ನಾವು ಕೇಳೋಣ. ಹೋಗುವುದು ಸಾಧ್ಯವಾಗದಿದ್ದರೆ, ಜುಲೈ 26 ಅಂತರರಾಷ್ಟ್ರೀಯ ಕಾಂಡ್ಲ ದಿನ. ಅಂದು ಬೆಳಗಿನ ಪ್ರಾರ್ಥನೆಯ ನಂತರ ಐದು ನಿಮಿಷ ಈ ವಿಷಯ ಮಾತಾಡಿದರೂ ಸಾಕು.

ನಾಲ್ಕನೆಯದು ಎಲ್ಲಕ್ಕಿಂತ ಸುಲಭ, ಬಹುಶಃ ಎಲ್ಲಕ್ಕಿಂತ ಕಷ್ಟ. ಮುಂದಿನ ಸಲ ಯಾರಾದರೂ 'ಸಮುದ್ರಕ್ಕೆ ಹೋಗಿ ಪೋಲಾಗುವ ನೀರು' ಎಂದಾಗ, ಹಿರಿಯರಾಗಿದ್ದರೆ ವಿನಯದಿಂದಲೇ, ಒಂದು ಮಾತು ಸೇರಿಸಿ. ಅದು ಪೋಲಾಗುವ ನೀರಲ್ಲ, ಬೇರೆಯವರ ಪಾಲಿನ ನೀರು. ನಮಗೆ ಅದರಲ್ಲಿ ಸ್ವಲ್ಪ ಬೇಕಾಗಿರಬಹುದು. ಹಾಗಿದ್ದರೆ ಅದನ್ನು ಕೇಳಿ ಪಡೆಯೋಣ, ಎಷ್ಟು ತೆಗೆದೆವು, ಯಾವ ತಿಂಗಳು ತೆಗೆದೆವು ಎಂದು ಲೆಕ್ಕ ಇಡೋಣ, ನಮ್ಮ ಕೆರೆಗಳನ್ನು ಅದಕ್ಕೆ ಯೋಗ್ಯವಾಗಿ ಇಟ್ಟುಕೊಳ್ಳೋಣ. ಬಿಟ್ಟಿ ಸಿಕ್ಕಿದ್ದು ಎಂದುಕೊಂಡು ತಂದ ನೀರಿಗೂ, ಇನ್ನೊಬ್ಬರಿಂದ ಪಡೆದದ್ದು ಎಂದು ತಿಳಿದು ತಂದ ನೀರಿಗೂ ನಾವು ಕೊಡುವ ಮರ್ಯಾದೆ ಬೇರೆಯಾಗಿರುತ್ತದೆ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ